ಗೋಡೆಯಿಂದ ಆರೂವರೆ ಇಂಚು

ಈ ಲೇಖನದ ವಿಷಯ ಕೇಳಿ ಮೊದಲು ನಕ್ಕವಳು ನನ್ನ ಹೆಂಡತಿ. "ಸಂಘದ ಪತ್ರಿಕೆಗೆ ಸಂಡಾಸಿನ ಬಗ್ಗೆ ಬರೆಯುತ್ತೀರಾ? ಬೇರೆ ವಿಷಯ ಸಿಗಲಿಲ್ಲವೇ?" ಎಂದು ಕೇಳಿದಳು. ಯಕ್ಷಗಾನದ ಬಗ್ಗೆ, ದಾಸ ಸಾಹಿತ್ಯದ ಬಗ್ಗೆ ಬರೆಯಲು ನನಗಿಂತ ಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಕೈಯಿಂದ ದುಡ್ಡು ತೆತ್ತು ಪಾಠ ಕಲಿತವನು. ಯುವ ಮಿತ್ರರೇ, ನಿಮ್ಮಲ್ಲಿ ಬಹುಪಾಲು ಜನ ಈ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಅಪ್ಪ ಅಮ್ಮ ಸಾಲ ಮಾಡಿ ಕೊಂಡ ಡೊಂಬಿವಿಲಿ, ಮುಲುಂಡ್, ಗೋರೆಗಾಂವ್‌ಗಳ ಹಳೆಯ ಫ್ಲಾಟುಗಳಿಗೆ ರಿಪೇರಿಯ ಕಾಲ ಬಂದಿದೆ. ಅದನ್ನು ಮಾಡಿಸುವ ಭಾರ ನಿಮ್ಮ ಹೆಗಲಿಗೆ ಬರುತ್ತಿದೆ. ಆದ್ದರಿಂದ ಮೂಗು ಮುಚ್ಚಿಕೊಳ್ಳದೆ ಸ್ವಲ್ಪ ಓದಿ.

ನಮ್ಮದು ಮುಲುಂಡಿನಲ್ಲಿ ಎರಡನೆಯ ಮಾಳಿಗೆಯ ಮನೆ. ಕಟ್ಟಡ ಎದ್ದದ್ದು 1978ರಲ್ಲಿ. ಆಗಿನ ರೂಢಿಯಂತೆ ಕೂತು ಬಳಸುವ ಒರಿಸ್ಸಾ ಪ್ಯಾನ್ ಇತ್ತು. 1996ರಲ್ಲಿ ಅಮ್ಮನ ಮಂಡಿನೋವಿಗೆಂದು ಅದನ್ನು ಕಿತ್ತು ಕಮೋಡ್ ಹಾಕಿಸಿದೆವು. ಅಮ್ಮ ಈಗಿಲ್ಲ. ಅಪ್ಪಯ್ಯನಿಗೆ ಎಂಬತ್ತಾರು. ಕುಂದಾಪುರದ ಕಡೆಯ ಗಟ್ಟಿ ಜೀವ. ಬೆಳಗ್ಗೆ ಐದಕ್ಕೆದ್ದು ತನ್ನ ಬಟ್ಟೆ ತಾನೇ ಒಗೆದುಕೊಳ್ಳುವವರು. ಕಳೆದ ವರ್ಷ ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿಯಿತು. ಆಪರೇಷನ್ ಆಯಿತು. ಇನ್ನು ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ತಗ್ಗಾದ ಆಸನದಲ್ಲಿ ಕೂರುವಂತಿಲ್ಲ, ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು ಎಂದು ಡಾಕ್ಟರು ಹೇಳಿದರು. ನಮ್ಮ ಹಳೆಯ ಕಮೋಡ್ ತಗ್ಗಿನದು. ಅಲ್ಲದೆ ಬುಡದಲ್ಲಿ ಸೀಳು ಬಿಟ್ಟಿತ್ತು. ಶುಕ್ರವಾರ ಅಪ್ಪಯ್ಯ ಮನೆಗೆ ಬರುವಷ್ಟರಲ್ಲಿ ಹೊಸದು ಹಾಕಿಸಿಬಿಡೋಣ ಎಂದು ನಿಶ್ಚಯಿಸಿದೆವು.

ಸೋಮವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಸ್ಯಾನಿಟರಿ ಅಂಗಡಿಗೆ ಹೋದೆವು. ಸಾಲಾಗಿ ಇಟ್ಟಿದ್ದ ಬಿಳಿ ಕಮೋಡುಗಳಲ್ಲಿ ಒಂದು ನನ್ನವಳ ಕಣ್ಣಿಗೆ ಬಿತ್ತು. ಟ್ಯಾಂಕು, ಕುಂಡ ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಒನ್ ಪೀಸ್, ಎತ್ತರವೂ ಸರಿಯಾಗಿತ್ತು. "ಎಸ್ ಟ್ರ್ಯಾಪೋ, ಪಿ ಟ್ರ್ಯಾಪೋ?" ಎಂದು ಅಂಗಡಿಯ ಹುಡುಗ ಕೇಳಿದ. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವನು ನಾನು. "ಎಸ್" ಎಂದೆ, ಗತ್ತಿನಿಂದಲೇ. ಎರಡನೆಯ ಪ್ರಶ್ನೆಯನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಸಬ್ ಮೆ ಲಗ್ತಾ ಹೈ ಅಂಕಲ್" ಎಂದ. ದುಡ್ಡು ಕೊಟ್ಟು ಬಂದೆ.

ಬುಧವಾರ ಪ್ಲಂಬರ್ ಬಂದು ಹಳೆಯದನ್ನು ಒಡೆದು ಹೊರಗೆ ಹಾಕಿದ. ಹೊಸದನ್ನು ತಂದು ಕೂರಿಸಲು ನೋಡಿದರೆ ಟ್ಯಾಂಕಿನ ಬೆನ್ನು ಗೋಡೆಗೆ ತಾಗಿತು. ಆದರೆ ಕೆಳಗಿನ ಕೊಳವೆಯ ಬಾಯಿ ಎಲ್ಲೋ ಹಿಂದೆ ಉಳಿಯಿತು. ಅದು ಸೇರಬೇಕಾದರೆ ಟ್ಯಾಂಕು ಗೋಡೆಯೊಳಕ್ಕೆ ಐದೂವರೆ ಇಂಚು ಹೋಗಬೇಕು! ಪ್ಲಂಬರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಪೆಟ್ಟಿಗೆ ಒಡೆದ ಮಾಲನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಹಳೆಯದು ಚೂರು ಚೂರಾಗಿ ಗೋಣಿಚೀಲ ಸೇರಿತ್ತು. ಹೊಸದು ಹಾಲ್‌ನಲ್ಲಿ ಟಿ.ವಿ. ಎದುರಿಗೆ ಸಿಂಹಾಸನದ ಹಾಗೆ ಕೂತಿತು. ಸಂಡಾಸಿನಲ್ಲಿ ಉಳಿದದ್ದು ಹಳೆಯ ಬಟ್ಟೆ ತುರುಕಿದ ಒಂದು ತೂತು.

ನಾವು ಮೂವರು ಕೆಳಗಿನ ಮನೆಯ ಮರಾಠಿ ಕಾಕು ಅವರ ಕೃಪೆಯಿಂದ ದಿನ ದೂಡಿದೆವು. ಶುಕ್ರವಾರ ಅಪ್ಪಯ್ಯ ಬಂದರು. ಅವರಿಗೆ ಮೆಟ್ಟಿಲು ಇಳಿಯಲಾಗದು. ಬೆಡ್ ಪ್ಯಾನೇ ಗತಿ. ಅದನ್ನು ಇಟ್ಟಾಗಲೆಲ್ಲ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಶನಿವಾರ ಊಟ ಬೇಡ, ಎರಡು ಚಮಚ ಗಂಜಿ ಸಾಕು ಎಂದರು. ನೀರು ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಲೋಟ ಇಟ್ಟರು. ಆಸ್ಪತ್ರೆಯ ಔಷಧದಿಂದ ಬಾಯಿ ರುಚಿ ಕೆಟ್ಟಿರಬೇಕು ಎಂದುಕೊಂಡೆವು. ಅಸಲು ಕಾರಣ ಹೊಳೆದದ್ದು ನನ್ನ ಮಗಳಿಗೆ. "ಪಪ್ಪಾ, ಅಜ್ಜಯ್ಯ ತಿನ್ನದೆ ಇರುವುದು ಅದಕ್ಕೇ" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಕಮೋಡಿನ ಹೊಟ್ಟೆಯೊಳಗೆ ಒಂದು ಬಾಗಿದ ದಾರಿ ಇದೆ. ಅದರಲ್ಲಿ ಯಾವಾಗಲೂ ಸುಮಾರು ಎರಡು ಇಂಚು ಆಳ ನೀರು ನಿಂತು, ಕೊಳವೆಯ ದುರ್ವಾಸನೆ ಮೇಲೆ ಬರದಂತೆ ತಡೆಯುತ್ತದೆ. ಇದೇ ಟ್ರ್ಯಾಪ್. 1775ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕಸುಬಿನವನು ಇಂಥ ಬಾಗಿದ ಕೊಳವೆಗೆ ಪೇಟೆಂಟ್ ಪಡೆದ. ಆ ದಾರಿ ಕೊನೆಯಲ್ಲಿ ಕೆಳಗೆ ಇಳಿದು ನೆಲದೊಳಕ್ಕೆ ಹೋದರೆ ಎಸ್ ಟ್ರ್ಯಾಪ್. ಹಿಂದಕ್ಕೆ ಅಡ್ಡವಾಗಿ ಸಾಗಿ ಗೋಡೆಯೊಳಕ್ಕೆ ಹೋದರೆ ಪಿ ಟ್ರ್ಯಾಪ್. ಇಷ್ಟನ್ನು ಅಂಗಡಿಯವರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದು ದೂರವನ್ನು. ಎಸ್ ಟ್ರ್ಯಾಪಿನಲ್ಲಿ, ಹಿಂದಿನ ಗೋಡೆಯ ಟೈಲ್ಸಿನ ಮುಖದಿಂದ ನೆಲದ ಕೊಳವೆಯ ನಡುಮಧ್ಯದವರೆಗೆ ಎಷ್ಟು ಅಂತರ ಎಂಬುದೇ ಆ ದೂರ. ಕ್ಯಾಟಲಾಗುಗಳಲ್ಲಿ ಇದನ್ನೇ ರಫ್ ಇನ್ ಎನ್ನುತ್ತಾರೆ. ನಮ್ಮ ದೇಶದ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಅಳತೆ: ಸುಮಾರು 4 ಇಂಚು, ಅಂದರೆ 100ರಿಂದ 110 ಮಿಲಿಮೀಟರ್, ಸುಮಾರು 9 ಇಂಚು, ಅಂದರೆ 220ರಿಂದ 225, ಮತ್ತು 12 ಇಂಚು, ಅಂದರೆ 300. ನಾನು ತಂದದ್ದು 300ರದ್ದು. ನಮ್ಮ ಕೊಳವೆ ಇದ್ದದ್ದು 165ರಲ್ಲಿ.

165 ಎಲ್ಲಿಂದ ಬಂತು? ಯಾವ ಕಂಪನಿಯ ಅಳತೆಗೂ ಅದು ಕೂಡುವುದಿಲ್ಲವಲ್ಲ! ಇದರ ಹಿಂದೆ ಒಂದು ಕಥೆ ಇದೆ, ಹಳೆಯ ಕಟ್ಟಡದವರೆಲ್ಲ ಕೇಳಬೇಕಾದದ್ದು. ಆಗಿನ ಕಮೋಡಿಗೆ ಫ್ಲಶ್ ಟ್ಯಾಂಕ್ ಬೇರೆ. ಅದು ಗೋಡೆಯ ಮೇಲೆ ಬ್ರಾಕೆಟ್ಟಿನಲ್ಲಿ ನೇತಾಡುತ್ತಿತ್ತು. ಎರಡರ ನಡುವೆ ಒಂದು ಬಾಗಿದ ಪೈಪು. ಕಮೋಡನ್ನು ಎರಡು ಇಂಚು ಮುಂದೆ ಕೂರಿಸಿದರೆ ಆ ಪೈಪನ್ನು ಎರಡು ಇಂಚು ಉದ್ದ ಬಿಟ್ಟರಾಯಿತು. ಹೀಗಾಗಿ ಕೊಳವೆ ಗೋಡೆಯಿಂದ ಎಷ್ಟು ದೂರ ಇದ್ದರೂ ನಡೆಯುತ್ತಿತ್ತು. ಪ್ಲಂಬರನಿಗೆ ಎಲ್ಲಿ ಅನುಕೂಲವೋ ಅಲ್ಲಿ ಬಾಯಿ ಎತ್ತಿಬಿಡುತ್ತಿದ್ದ. 1996ರಲ್ಲಿ ನಮ್ಮಲ್ಲೂ ಹಾಗೇ ಆಗಿತ್ತು. ಟ್ಯಾಂಕು ಕಮೋಡಿನ ಬೆನ್ನೇರಿ ಕೂತ ಮೇಲೆ ಮಾತ್ರ ಈ ದೂರಕ್ಕೆ ದೊರೆತನ ಬಂತು. ಜೊತೆಗೆ ಇನ್ನೊಂದು ಮೋಸವಿದೆ. ಹಳೆಯ ಟೈಲ್ಸ್ ಕೀಳದೆ ಅದರ ಮೇಲೇ ಹೊಸ ಟೈಲ್ಸ್ ಅಂಟಿಸುವುದು ಈಗಿನ ರೂಢಿ. ಪ್ರತಿ ಸಲವೂ ಗೋಡೆ ಅರ್ಧ ಮುಕ್ಕಾಲು ಇಂಚು ಮುಂದೆ ಬರುತ್ತದೆ, ಕೊಳವೆ ಇದ್ದಲ್ಲೇ ಇರುತ್ತದೆ. ಕಟ್ಟುವಾಗ ಸರಿಯಾಗಿ 9 ಇಂಚು ಇದ್ದದ್ದು ಹೀಗೆ ಎಂಟಾಗಿ, ಹೊಸ ಕಮೋಡ್ ಕೂರದೆ ಹೋದ ಮನೆಗಳಿವೆ.

ಅಳತೆ ತೆಗೆದವಳು ನನ್ನ ಮಗಳು. ಕೊಳವೆಯ ಮಧ್ಯಬಿಂದು ಕಣ್ಣಳತೆಗೆ ಸಿಗುವುದಿಲ್ಲ. ಅವಳು ಟೇಪು ಹಿಡಿದು ಗೋಡೆಯಿಂದ ಕೊಳವೆಯ ಹತ್ತಿರದ ಅಂಚಿಗೆ 110, ದೂರದ ಅಂಚಿಗೆ 220 ಎಂದು ಬರೆದುಕೊಂಡಳು. ಎರಡನ್ನೂ ಕೂಡಿಸಿ ಅರ್ಧ ಮಾಡಿದಾಗ 165. ನಾನು ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ನನ್ನ ಕೈಕೆಳಗಿನವರಿಗೆ ಇದನ್ನೇ ಹೇಳಿಕೊಡುತ್ತಿದ್ದೆ! ನೀವು ಅಳೆಯುವಾಗ ಎಡದಲ್ಲೊಮ್ಮೆ, ಬಲದಲ್ಲೊಮ್ಮೆ, ನೆಲದಿಂದ ಎರಡೂವರೆ ಅಡಿ ಮೇಲೆ ಟ್ಯಾಂಕು ಬರುವ ಎತ್ತರದಲ್ಲೂ ಒಮ್ಮೆ ನೋಡಿ. ಹಳೆಯ ಗೋಡೆಗಳು ನೆಟ್ಟಗಿರುವುದು ಅಪರೂಪ. ಸಿಕ್ಕಿದ ಅಳತೆಗಳಲ್ಲಿ ಅತಿ ಕಡಿಮೆಯದನ್ನೇ ಹಿಡಿಯಿರಿ. ಟೈಲ್ಸ್ ಇನ್ನೂ ಹಾಕಬೇಕಾಗಿದ್ದರೆ ಟೈಲ್ಸು, ಗಾರೆ ಎರಡರ ದಪ್ಪವನ್ನೂ ಕಳೆಯಿರಿ. ಪಿ ಟ್ರ್ಯಾಪ್ ಆದರೆ ಗೋಡೆಯಿಂದ ದೂರ ಮುಖ್ಯವಲ್ಲ. ನೆಲದಿಂದ ತೂತಿನ ಮಧ್ಯಕ್ಕೆ ಇರುವ ಎತ್ತರ ಮುಖ್ಯ. ಅದು ಸಾಮಾನ್ಯವಾಗಿ 180 ಮಿಲಿಮೀಟರಿನ ಆಸುಪಾಸು. ಅಲ್ಲಿ ನೆಲಕ್ಕೆ ಹೊಸ ಟೈಲ್ಸ್ ಬಿದ್ದರೆ ಎತ್ತರ ತಗ್ಗುತ್ತದೆ. ಇದೆಲ್ಲ ಹಳೆಯ ಕಮೋಡನ್ನು ಒಡೆಯುವ ಮೊದಲೇ ಆಗಬೇಕು. ಟ್ಯಾಂಕು ಬೇರೆ ಇರುವ ಹಳೆಯ ಮಾದರಿಯಲ್ಲಿ ಹಿಂದಿನಿಂದ ಬಗ್ಗಿ ನೋಡಿದರೆ ಕೊಳವೆ ಕಾಣುತ್ತದೆ. ಸುತ್ತ ಮುಚ್ಚಿದ ಒನ್ ಪೀಸಿನಲ್ಲಿ ಕಾಣುವುದಿಲ್ಲ, ಆಗ ಅದನ್ನು ಒಡೆಯದೆ ಬಿಚ್ಚಿಸಿಯೇ ಅಳೆಯಬೇಕು.

ಅಳತೆ ಅಡ್ಡಾದಿಡ್ಡಿ ಬಂದರೆ ಏನು ಮಾಡಬೇಕು? ಒಂದು ಮಾತು ನೆನಪಿಟ್ಟರೆ ಸಾಕು. ಕಮೋಡಿನ ಅಳತೆ ಕೊಳವೆಯ ದೂರಕ್ಕಿಂತ ಕಡಿಮೆ ಇದ್ದರೆ ಅದು ಕೂರುತ್ತದೆ, ಬೆನ್ನ ಹಿಂದೆ ಸಂದು ಉಳಿಯುತ್ತದೆ. ಹೆಚ್ಚಿದ್ದರೆ ಕೂರುವುದೇ ಇಲ್ಲ. 12 ಇಂಚಿನ ಕೊಳವೆಗೆ 9ರದ್ದು ನಡೆದೀತು. 9ರ ಕೊಳವೆಗೆ 12ರದ್ದು ಬ್ರಹ್ಮ ಬಂದರೂ ನಡೆಯದು. ನಿಮ್ಮಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿ ಹಳೆಯ ಮನೆ ಕೊಳ್ಳುವವರಿಗೂ ಇದೇ ಮಾತು. ಅಲ್ಲಿ 12 ಇಂಚು ರೂಢಿಯ ಅಳತೆ. ಹಳೆಯ ಮನೆಗಳಲ್ಲಿ 10, 14 ಕೂಡ ಇರುತ್ತವೆ. ಅಲ್ಲಿ ಕಮೋಡಿನ ಬುಡದ ಎರಡು ಬೋಲ್ಟುಗಳು ಕೊಳವೆಯ ಮಧ್ಯದ ಸಾಲಿನಲ್ಲೇ ಇರುವುದರಿಂದ, ಗೋಡೆಯಿಂದ ಬೋಲ್ಟಿಗೆ ಅಳೆದರೆ ಮುಗಿಯಿತು. ಗೋಡೆಯ ಬುಡಕ್ಕೆ ಹೊಡೆದ ಹಲಗೆಪಟ್ಟಿಯಿಂದ ಮಾತ್ರ ಅಳೆಯಬಾರದು. ಇಲ್ಲಿ ಆ ಬೋಲ್ಟಿನ ಲೆಕ್ಕ ನಂಬಬೇಡಿ. ನಮ್ಮ ಕಮೋಡುಗಳ ತಿರುಪು ಕೊಳವೆಯ ಸಾಲಿನಲ್ಲಿ ಇರಬೇಕೆಂದಿಲ್ಲ.

ಭಾನುವಾರ ಪ್ಲಂಬರನನ್ನು ಕೂರಿಸಿಕೊಂಡು ಚಹಾ ಕೊಟ್ಟು ದಾರಿಗಳನ್ನು ಲೆಕ್ಕ ಹಾಕಿದೆವು. ಅವನ ಮೊದಲ ಸಲಹೆ ನೆಲ ಒಡೆದು ಕೊಳವೆಯನ್ನೇ ಸರಿಸುವುದು. ನಾನು ಒಪ್ಪಲಿಲ್ಲ. ಹಳೆಯ ಮುಂಬಯಿ ಕಟ್ಟಡಗಳಲ್ಲಿ ಸಂಡಾಸಿನ ಸ್ಲ್ಯಾಬು ತಗ್ಗಿನಲ್ಲಿರುತ್ತದೆ. ಆ ಗುಂಡಿಗೆ ಇಟ್ಟಿಗೆಚೂರಿನ ಕೋಬಾ ತುಂಬಿ ಅದರೊಳಗೆ ಕೊಳವೆ ಮಲಗಿಸಿರುತ್ತಾರೆ. ಅದನ್ನು ಕೆದಕಿದರೆ ನೀರು ತಡೆಯುವ ಪದರ ಹರಿಯುತ್ತದೆ. ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿ, ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ ಮಾಡದೆ ಮುಚ್ಚಿದರೆ ಕೆಳಗಿನ ಮನೆಯ ಛಾವಣಿಯಲ್ಲಿ ನಕಾಶೆ ಮೂಡುವುದು ಖಂಡಿತ. ಸೊಸೈಟಿಯ ಅನುಮತಿ ಬೇರೆ ಬೇಕು. ಮೂರು ದಿನದಿಂದ ತಮ್ಮ ಸಂಡಾಸು ಬಿಟ್ಟುಕೊಟ್ಟಿದ್ದ ಕಾಕು ಅವರ ತಲೆಯ ಮೇಲೆ ನೀರು ಸುರಿಯುವುದು ಯಾವ ನ್ಯಾಯ! ಅಲ್ಲದೆ ಅಷ್ಟು ದಿನ ಅಪ್ಪಯ್ಯ ಕಾಯುವಂತಿರಲಿಲ್ಲ.

ಗೋಡೆಗೆ ನೇತುಹಾಕುವ ಮಾದರಿ ನೋಡಲು ಚೆಂದ, ಗುಡಿಸಲೂ ಸುಲಭ. ಆದರೆ ಅದಕ್ಕೆ ಗೋಡೆಯೊಳಗೆ ಟ್ಯಾಂಕು, ಭಾರ ಹೊರಲು ಕಬ್ಬಿಣದ ಚೌಕಟ್ಟು ಬೇಕು. ಕೊಳವೆಯೂ ಗೋಡೆಗೇ ಬರಬೇಕು. ನೆಲದಲ್ಲಿ ಕೊಳವೆ ಇರುವವರು ಮತ್ತೆ ಒಡೆಯುವ ಕೆಲಸಕ್ಕೇ ಬಂದು ನಿಲ್ಲುತ್ತಾರೆ.

ಕೆಲವು ಪಿ ಟ್ರ್ಯಾಪ್ ಮಾದರಿಗಳಿಗೆ ನೆಲದ ಕೊಳವೆಗೆ ಜೋಡಿಸಲು ಪ್ಲಾಸ್ಟಿಕ್ಕಿನ ಬೆಂಡು ಸಿಗುತ್ತದೆ. ಅದನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ದೂರ ಹೊಂದಿಸಬಹುದು. ಇದು ಒಳ್ಳೆಯ ಉಪಾಯ, ಆದರೆ ಆ ಬೆಂಡು ಎಷ್ಟರಿಂದ ಎಷ್ಟರವರೆಗೆ ಹೊಂದುತ್ತದೆ ಎಂದು ಕೊಳ್ಳುವ ಮೊದಲು ನಕ್ಷೆ ನೋಡಿ. ಅರ್ಧ ಮುಕ್ಕಾಲು ಇಂಚಿನ ವ್ಯತ್ಯಾಸಕ್ಕೆ ಓರೆಯಾದ ಕನೆಕ್ಟರ್ ಕೂಡ ಬರುತ್ತದೆ. ಅಕಾರ್ಡಿಯನ್ನಿನ ಹಾಗೆ ಎಳೆದರೆ ಉದ್ದವಾಗುವ ಸುಕ್ಕು ಪೈಪನ್ನು ಮಾತ್ರ ನನ್ನ ಮನೆಗೆ ಹಾಕಿಸಲಾರೆ. ಆ ಸುಕ್ಕುಗಳಲ್ಲಿ ಕೊಳೆ ಕೂರುತ್ತದೆ, ನಡುವೆ ಜೋತುಬಿದ್ದರೆ ಕಟ್ಟಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಸರಳವಾದದ್ದು ಹಳೆಯ ಪದ್ಧತಿಯೇ: ಟ್ಯಾಂಕಿಲ್ಲದ ಬರಿಯ ಕಮೋಡು, ಟ್ಯಾಂಕು ಗೋಡೆಯ ಮೇಲೆ. ಈಗಲೂ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ಅಳತೆ ಅಡ್ಡಾದಿಡ್ಡಿ ಇರುವ ಹಳೆಯ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಜನ ಏಕೋ ಅದನ್ನು ಬಡವರ ಮಾಲು ಎಂದು ಮೂಗು ಮುರಿಯುತ್ತಾರೆ. ನಮ್ಮಲ್ಲಿ ಹಿಂದಿನ ಗೋಡೆ ಮಳೆಯ ತೇವಕ್ಕೆ ಪೊಳ್ಳಾಗಿ, ಟ್ಯಾಂಕಿನ ಬ್ರಾಕೆಟ್ಟು ಎರಡು ಸಲ ಕಿತ್ತು ಬಂದಿತ್ತು. ಎಂಬತ್ತಾರರ ಮನುಷ್ಯನ ತಲೆಯ ಹಿಂದೆ ಅದನ್ನು ಮತ್ತೆ ನೇತುಹಾಕಲು ಧೈರ್ಯ ಬರಲಿಲ್ಲ, ಅಷ್ಟೇ.

ಕೊನೆಗೆ 4 ಇಂಚಿನ, ಅಂದರೆ 100 ಮಿಲಿಮೀಟರಿನ ಒನ್ ಪೀಸ್ ತರುವುದೆಂದಾಯಿತು. ಹಿಂದೆ 65 ಮಿಲಿಮೀಟರ್ ಸಂದು ಉಳಿಯುತ್ತದೆ. ಹಾಗಾದರೆ ಮುಂದೆ ಜಾಗ ಸಾಲುತ್ತದೆಯೇ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಸಂಡಾಸು ಮೂರು ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ, ಅಂದರೆ 1370 ಮಿಲಿಮೀಟರ್. ಕಮೋಡಿನ ಉದ್ದ 680, ಸಂದು 65. ಮುಂದೆ ಎರಡು ಅಡಿ ಉಳಿಯಿತು. ಮಂಡಿಗೆ ಸಾಕು. ಬಾಗಿಲು ಹೊರಕ್ಕೆ ತೆರೆಯುವಂತೆ ಬಡಗಿಯಿಂದ ತಿರುಗಿಸಿ ಹಾಕಿಸಿದೆವು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗದು. ಆ ಅಳತೆಯಲ್ಲಿ ಎತ್ತರದ ಮಾದರಿ ಸಿಗಲಿಲ್ಲ. ಅದಕ್ಕೆ ಚಿಂತೆಯಿಲ್ಲ, ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಮೇಲಿಡುವ ಎತ್ತರದ ಸೀಟು ಸಿಗುತ್ತದೆ, ಬೇಡವಾದಾಗ ತೆಗೆದಿಡಬಹುದು. ನನ್ನವಳು ಗಿಡ್ಡ, ಆ ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದೆವು.

ಸೋಮವಾರ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಈ ಸಲ ಮಗಳೂ ಬಂದಿದ್ದಳು. ಹುಡುಗ ಮತ್ತೆ "ಸಬ್ ಮೆ ಲಗ್ತಾ ಹೈ" ಎಂದಾಗ ಅವಳು ಪರ್ಸಿನಿಂದ ಟೇಪು ತೆಗೆದು, ಕಮೋಡಿನ ಬೆನ್ನಿನಿಂದ ಬುಡದ ಬಾಯಿಯ ಮಧ್ಯಕ್ಕೆ ತಾನೇ ಅಳೆದಳು. ಪೆಟ್ಟಿಗೆಯ ಮೇಲಿನ ಅಳತೆಯನ್ನೂ ಓದಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಪ್ಲಂಬರ್ ಕೂರಿಸಿ ಮುಗಿಸಿದ. ಬುಡದ ಬಿಳಿ ಸಿಮೆಂಟು ಒಣಗಲು ಮರುದಿನದವರೆಗೆ ಕಾಯಬೇಕೆಂದು ಹೇಳಿ ಹೋದ.

ಮಂಗಳವಾರ ಬೆಳಗ್ಗೆ ಅಪ್ಪಯ್ಯ ವಾಕರ್ ಹಿಡಿದು ಬಾಗಿಲವರೆಗೆ ನಡೆದರು. ಅಲ್ಲಿಂದ ಹಿಡಿಕೆ ಹಿಡಿದು ಒಳಗೆ ಹೋದರು. ನಾನು ಹೊರಗೆ ನಿಂತಿದ್ದೆ. "ನೀ ಎಂತಕ್ಕೆ ನಿಂತದ್ದು? ಹೋಗು ಮಾರಾಯ" ಎಂದರು ಒಳಗಿನಿಂದ. ಮಧ್ಯಾಹ್ನ ಅನ್ನ ಸಾರು ಉಂಡು, ಎರಡು ಲೋಟ ಮಜ್ಜಿಗೆ ಕುಡಿದರು.

ಹಿಂದಿನ ಸಂದಿನಲ್ಲಿ ಜಿರಲೆ ಸೇರೀತೆಂದು ಮೇಸ್ತ್ರಿಯಿಂದ ಅಲ್ಲಿ ಟೈಲ್ಸಿನ ಸಣ್ಣ ಕಟ್ಟೆ ಕಟ್ಟಿಸಿದೆವು. ಟ್ಯಾಂಕಿನ ಮುಚ್ಚಳ ಎತ್ತಲು ಅಡ್ಡಿಯಾಗದಂತೆ ಅದಕ್ಕಿಂತ ಸ್ವಲ್ಪ ತಗ್ಗಿಸಿ, ನೀರಿನ ನಲ್ಲಿಗೆ ಕೈ ಹೋಗುವಷ್ಟು ಪಕ್ಕದಲ್ಲಿ ಬಿಟ್ಟು. ಎರಡೂವರೆ ಇಂಚಿನ ಕಟ್ಟೆ. ಅದರ ಮೇಲೆ ಈಗ ಅಪ್ಪಯ್ಯನ ಕನ್ನಡಕದ ಡಬ್ಬಿ ಮತ್ತು ಕರೆಂಟು ಹೋದರೆ ಬೇಕಾಗುವ ಟಾರ್ಚು ಇರುತ್ತವೆ. ಆ 12 ಇಂಚಿನ ಸಿಂಹಾಸನವನ್ನು ಠಾಣೆಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನನ್ನ ಭಾವಮೈದುನ ಅರ್ಧ ಬೆಲೆಗೆ ಒಯ್ದ. ಒಯ್ಯುವ ಮೊದಲು ತನ್ನ ಕೊಳವೆಯ ದೂರ ಅಳೆದು ಫೋನಿನಲ್ಲಿ ಎರಡು ಸಲ ಹೇಳಿದ.